ಲೈಬ್ರರಿಯಲ್ಲಿ ಕಾನೂನು ಮೂಲೆ ಮಾಡಬೇಕು: ಯಾವ ತಾಣಗಳನ್ನು ನಂಬಿ ಇಡೋಣ?

ಓದುಕೋಣೆ (ಮಲೆನಾಡು)

ಎಲ್ಲರಿಗೂ ನಮಸ್ಕಾರ. ನಮ್ಮದು ತಾಲ್ಲೂಕು ಕೇಂದ್ರದ ಶಾಖಾ ಗ್ರಂಥಾಲಯ. ಓದುಗರಿಗೆ ಅಂತ ಎರಡು ಕಂಪ್ಯೂಟರ್, ಒಂದು ಪ್ರಿಂಟರ್ ಇದೆ. ಪೇಪರ್ ಓದಲು ಬರುವವರು, ಪರೀಕ್ಷೆಗೆ ಓದುವ ಮಕ್ಕಳು ಮೊದಲಿಂದಲೂ ಇದ್ದರು. ಈಚೆಗೆ ಕೈಯಲ್ಲಿ ಒಂದು ಚೀಟಿ ಹಿಡಿದು ಬರುವವರು ಜಾಸ್ತಿ. "ಮೇಡಂ, ಈ ಆದೇಶ ನಿಜವಾ ನೋಡಿ", "ಮಗಳಿಗೆ ಆಸ್ತಿಯಲ್ಲಿ ಪಾಲಿದೆ ಅಂತಾರೆ, ಎಲ್ಲಿ ಬರೆದಿದೆ ತೋರಿಸಿ" ಅಂತ ಕೇಳುತ್ತಾರೆ. ವಕೀಲರ ಹತ್ತಿರ ಹೋಗಲು ದುಡ್ಡಿಲ್ಲ. ಕಚೇರಿಗೆ ಹೋಗಲು ಅಂಜಿಕೆ. ಲೈಬ್ರರಿಯಲ್ಲಿ ಯಾರೂ ಗದರುವುದಿಲ್ಲ ಅಂತ ಇಲ್ಲಿಗೆ ಬರುತ್ತಾರೆ.

ಹಳೇ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಾದ ಮರು ತಿಂಗಳು ಒಬ್ಬ ಲಾರಿ ಡ್ರೈವರ್ ಬಂದರು. ಅಪಘಾತ ಮಾಡಿ ಪೊಲೀಸರಿಗೆ ತಿಳಿಸದೆ ಹೋದರೆ ಹತ್ತು ವರ್ಷ ಜೈಲಂತೆ, ಈಗ ಅದು ಜಾರಿಯಲ್ಲಿದೆಯಾ ಅಂತ ಕೇಳಿದರು. ನಾನು ಹುಡುಕಿದಾಗ ಮೊದಲು ಸಿಕ್ಕಿದ ಒಂದು ಖಾಸಗಿ ತಾಣ ತೆರೆದೆ. 106ನೇ ಕಲಂ, 2ನೇ ಉಪಕಲಂ ಅಲ್ಲೇ ಇತ್ತು. ಪ್ರಿಂಟ್ ತೆಗೆದು ಕೊಟ್ಟೆ. ಅವರು ಎರಡು ಸಲ ಓದಿಸಿಕೊಂಡರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಹಾಕಿಕೊಂಡು, "ಹಂಗಾದ್ರೆ ಈ ಕೆಲಸ ಬಿಡೋದೇ ವಾಸಿ" ಅಂದು ಹೋದರು.

ಎರಡು ದಿನ ಬಿಟ್ಟು ನಮ್ಮಲ್ಲಿ ಪೇಪರ್ ಓದಲು ಬರುವ ವಕೀಲರೊಬ್ಬರು ವಿಷಯ ಕೇಳಿ ತಲೆಯಾಡಿಸಿದರು. ಆ ಉಪಕಲಂ ಕಾಯ್ದೆಯಲ್ಲಿ ಅಚ್ಚಾಗಿದೆ ನಿಜ, ಆದರೆ ಜಾರಿಗೆ ತಂದಿಲ್ಲ ಅಂದರು. ನಾನು ಕೊಟ್ಟ ಹಾಳೆಯಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆದರೂ ಅವರಿಗೆ ಸಿಕ್ಕಿದ್ದು ತಪ್ಪು ಮಾಹಿತಿ. ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ.

ಈಗ ಒಂದು ಕಾನೂನು ಮೂಲೆ ಮಾಡಬೇಕು ಅಂತಿದ್ದೇನೆ. ಯಾವ ತಾಣ ಇಡಬೇಕು, ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದನ್ನು ದೂರ ಇಡಬೇಕು? ಅನುಭವ ಇದ್ದವರು ಹೇಳಿ.

ತುಮಕೂರು ವಕೀಲ

ಮೇಡಂ, ನಿಮ್ಮ ಡ್ರೈವರ್ ಕೇಳಿದ ಪ್ರಶ್ನೆಯಿಂದಲೇ ಶುರು ಮಾಡೋಣ. ಮೂರು ಹೊಸ ಕ್ರಿಮಿನಲ್ ಕಾನೂನುಗಳು ಕೇಂದ್ರ ಗೆಜೆಟ್‌ನಲ್ಲಿ ಪ್ರಕಟವಾದದ್ದು 2023ರ ಡಿಸೆಂಬರ್ 25ಕ್ಕೆ. ಆದರೆ ಪ್ರಕಟ ಆದ ದಿನವೇ ಜಾರಿಗೆ ಬರಲಿಲ್ಲ. ಯಾವ ದಿನದಿಂದ ಜಾರಿ ಅಂತ ಹೇಳುವ ಅಧಿಸೂಚನೆ ಬೇರೆ ಬರುತ್ತದೆ. ನ್ಯಾಯ ಸಂಹಿತೆಗೆ ಅದು ಬಂದದ್ದು 2024ರ ಫೆಬ್ರವರಿ 23ರ ದಿನಾಂಕದಲ್ಲಿ. ಜುಲೈ 1ರಿಂದ ಜಾರಿ, 106ರ 2ನೇ ಉಪಕಲಂ ಒಂದನ್ನು ಬಿಟ್ಟು. ಲಾರಿಯವರ ಮುಷ್ಕರ ನೆನಪಿದೆಯಲ್ಲ, 2024ರ ಜನವರಿಯದ್ದು? ಅದರ ಫಲ ಇದು.

ಅಂದರೆ ಕಾಯ್ದೆಯ ಪಠ್ಯ ಒಂದು ಕಡೆ, ಅದಕ್ಕೆ ಜೀವ ಕೊಡುವ ಅಧಿಸೂಚನೆ ಇನ್ನೊಂದು ಕಡೆ. ಎರಡನ್ನೂ ತೋರಿಸುವ ತಾಣ ಬೇಕು. ಒಂದನ್ನೇ ತೋರಿಸುವ ತಾಣ ಎಷ್ಟೇ ಚೆಂದ ಇರಲಿ, ನಿಮ್ಮ ಮೇಜಿಗೆ ಸಾಲದು.

ಕೇಂದ್ರ ಕಾಯ್ದೆಗಳಿಗೆ ಮೊದಲು ಇಂಡಿಯಾ ಕೋಡ್ ತೆರೆಯಿರಿ. ಕೇಂದ್ರ ಕಾನೂನು ಸಚಿವಾಲಯದ ಶಾಸಕಾಂಗ ಇಲಾಖೆಯದ್ದು, ಪುಕ್ಕಟೆ. ಕಾಯ್ದೆಯ ಜೊತೆಗೆ ನಿಯಮ, ಅಧಿಸೂಚನೆಗಳಿಗೂ ಅಲ್ಲಿ ಜಾಗ ಇದೆ. ಪುಟದ ಕೆಳಗಿನ ಸಣ್ಣಕ್ಷರದ ಅಡಿಟಿಪ್ಪಣಿ ಬಿಡಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆ ತೆರೆದರೆ "2009ರ 10ನೇ ಕಾಯ್ದೆಯಿಂದ ಬದಲಾಯಿಸಲಾಗಿದೆ, 27-10-2009ರಿಂದ" ಅನ್ನುವ ಅರ್ಥದ ಟಿಪ್ಪಣಿ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಆ ಒಂದು ಸಾಲಿಗೆ ದೊಡ್ಡ ಬೆಲೆ ಇದೆ. ಯಾವ ದಿನದಿಂದ ಯಾವ ಮಾತು ನಡೆಯುತ್ತಿದೆ ಅಂತ ಅದು ಹೇಳುತ್ತದೆ. ಅಡಿಟಿಪ್ಪಣಿ ಕಿತ್ತುಹಾಕಿ ಬರಿ ಪಠ್ಯ ತುಂಬಿಸಿಟ್ಟ ತಾಣಗಳು ಬೇಕಾದಷ್ಟಿವೆ. ಅವನ್ನು ಇಡಬೇಡಿ.

ಸಪ್ತಾಪುರ (ಕಾನೂನು ಕಾಲೇಜು ಲೈಬ್ರರಿ, ಧಾರವಾಡ)

ವಕೀಲ ಸರ್ ಹೇಳಿದ್ದು ಸರಿ. ಅದಕ್ಕೊಂದು ಮಾತು ಸೇರಿಸ್ತೀನಿ. ನಮ್ಮ ಕಡೆ ಜನ ಕೇಳುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ರಾಜ್ಯದ ಕಾನೂನೇ. ಜಮೀನು, ಪಂಚಾಯಿತಿ, ಬಾಡಿಗೆ, ಸಹಕಾರ ಸಂಘ. ಅದಕ್ಕೆ ನಮ್ಮ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣ ಇರಲೇಬೇಕು. ಕರ್ನಾಟಕದ ಕಾಯ್ದೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತವೆ.

ಭೂಸುಧಾರಣಾ ಕಾಯ್ದೆ ನೋಡಿ. 1961ರದ್ದು. ಅದರ 79ಎ, 79ಬಿ ಕಲಂಗಳ ಹೆಸರು ಕೇಳದ ರೈತರಿಲ್ಲ. ಬೇಸಾಯಗಾರರಲ್ಲದವರು ಕೃಷಿ ಜಮೀನು ಕೊಳ್ಳುವುದಕ್ಕೆ ಅಡ್ಡ ನಿಂತಿದ್ದವು. 2020ರಲ್ಲಿ ಮೊದಲು ಸುಗ್ರೀವಾಜ್ಞೆಯಿಂದ, ಆಮೇಲೆ ತಿದ್ದುಪಡಿ ಕಾಯ್ದೆಯಿಂದ ಅವನ್ನು ತೆಗೆದರು. ನಮ್ಮ ಕಪಾಟಿನಲ್ಲಿ 2016ರ ಒಂದು ಪುಸ್ತಕ ಇತ್ತು, ಬೈಂಡು ಗಟ್ಟಿಮುಟ್ಟಾಗಿತ್ತು. ಅದರಲ್ಲಿ ಎರಡೂ ಕಲಂ ಹಾಗೇ ಇವೆ. ಅದನ್ನೇ ನೋಡಿ ಬರೆದುಕೊಂಡು ಹೋದವರು ಎಷ್ಟು ಜನವೋ. ಈಗ ಆ ಪುಸ್ತಕದ ಒಳರಟ್ಟಿನ ಮೇಲೆ ಕೆಂಪು ಚೀಟಿ ಅಂಟಿಸಿದ್ದೇನೆ. "2020ರ ತಿದ್ದುಪಡಿ ಇದರಲ್ಲಿ ಇಲ್ಲ, ಕಂಪ್ಯೂಟರಿನಲ್ಲಿ ನೋಡಿ."

ಪುಸ್ತಕವನ್ನು ಎಸೆಯಲಿಲ್ಲ. ಹಿಂದೆ ತೀರ್ಮಾನವಾದ ಕೇಸಿನ ಕಾಗದದಲ್ಲಿ ಆ ಕಲಂಗಳ ಹೆಸರು ಇರಬಹುದು. ಆಗ ಏನಿತ್ತು ಅಂತ ನೋಡಬೇಕಾದವರು ಬಂದೇ ಬರುತ್ತಾರೆ. ಹಳೇ ಐಪಿಸಿಯೂ ಹಾಗೇ. 2024ರ ಜುಲೈಗೆ ಮುಂಚೆ ನಡೆದ ಅಪರಾಧಕ್ಕೆ ಐಪಿಸಿಯೇ ಲೆಕ್ಕ. ಹಳೆಯದನ್ನು ಹಳೆಯದು ಅಂತ ಬರೆದು ಇಟ್ಟರಾಯಿತು.

ಅರಿವು ಕೇಂದ್ರ (ರಾಯಚೂರು ಕಡೆ)

ನಾನು ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ನಮ್ಮಲ್ಲಿ ಇಂಗ್ಲಿಷ್ ಓದುವವರು ಕಡಿಮೆ. ಕನ್ನಡದ ಪಠ್ಯ ಕೊಟ್ಟರೆ, ಕೋರ್ಟಿನಲ್ಲಿ ಅದು ನಡೆಯಲ್ಲ, ಇಂಗ್ಲಿಷೇ ತನ್ನಿ ಅಂತಾರೆ ಅಂತ ಕೆಲವರು ಹೇಳಿದರು. ಹೌದಾ?

ಇನ್ನೊಂದು ಕಷ್ಟ. ಹಳೇ ರಾಜ್ಯಪತ್ರದ, ಅಂದರೆ ರಾಜ್ಯದ ಗೆಜೆಟ್ಟಿನ, ಫೈಲ್ ತೆರೆದು ಒಂದು ಪದ ಹುಡುಕಿದರೆ ಸಿಗುವುದೇ ಇಲ್ಲ. ಪದ ಕಣ್ಣೆದುರಿಗೇ ಇರುತ್ತದೆ.

ತುಮಕೂರು ವಕೀಲ

ಅಕ್ಕಾ, ಕನ್ನಡ ಪಠ್ಯಕ್ಕೆ ಬೆಲೆ ಇಲ್ಲ ಅನ್ನುವುದು ತಪ್ಪು. ರಾಜ್ಯದ ವಿಧಾನಮಂಡಲ ಕನ್ನಡದಲ್ಲಿ ಕಾಯ್ದೆ ಮಾಡಿದಾಗ, ಅದರ ಇಂಗ್ಲಿಷ್ ಅನುವಾದ ರಾಜ್ಯಪಾಲರ ಅಧಿಕಾರದಿಂದ ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ. ಸಂವಿಧಾನದ 348ನೇ ವಿಧಿಯ 3ನೇ ಖಂಡದ ಪ್ರಕಾರ ಅದು ಆ ಕಾಯ್ದೆಯ ಅಧಿಕೃತ ಇಂಗ್ಲಿಷ್ ಪಠ್ಯ. ಹೈಕೋರ್ಟಿನ ಕೆಲಸ ಇಂಗ್ಲಿಷಿನಲ್ಲಿ ನಡೆಯುವುದರಿಂದ ಅಲ್ಲಿ ಅದು ಬೇಕಾಗುತ್ತದೆ. ಓದಿ ತಿಳಿಯುವುದಕ್ಕೆ, ಅರ್ಜಿ ಬರೆಯುವುದಕ್ಕೆ, ಅಧಿಕಾರಿಯ ಮುಂದೆ ಇಡುವುದಕ್ಕೆ ಕನ್ನಡ ಧಾರಾಳವಾಗಿ ಸಾಕು.

ಕೇಂದ್ರದ ಕಾಯ್ದೆಗಳಿಗೆ 1973ರ ಒಂದು ಕಾನೂನು ಇದೆ. ರಾಷ್ಟ್ರಪತಿಗಳ ಅಧಿಕಾರದಿಂದ ಗೆಜೆಟ್‌ನಲ್ಲಿ ಪ್ರಕಟವಾದ ಕನ್ನಡ ಅನುವಾದಕ್ಕೆ ಅಧಿಕೃತ ಪಠ್ಯದ ಸ್ಥಾನ ಸಿಗುತ್ತದೆ. ಯಾರೋ ಮಾಡಿದ ಅನುವಾದಕ್ಕೆ ಸಿಗುವುದಿಲ್ಲ. ಆದ್ದರಿಂದ ಕನ್ನಡದ ಕಡತ ಇಡುವಾಗ ಯಾರು ಪ್ರಕಟಿಸಿದ್ದು ಅಂತ ಮೊದಲ ಪುಟ ನೋಡಿ.

ಸುಪ್ರೀಂ ಕೋರ್ಟ್ ತನ್ನ ತೀರ್ಪುಗಳನ್ನು ಕನ್ನಡಕ್ಕೂ ತರುತ್ತಿದೆ. ತುಂಬ ಒಳ್ಳೆಯ ಕೆಲಸ. ಆದರೆ ಆ ಅನುವಾದ ಕಕ್ಷಿದಾರರು ತಿಳಿದುಕೊಳ್ಳಲಿ ಅಂತ ಮಾಡಿದ್ದು, ಅಧಿಕೃತ ಬಳಕೆಗೆ ಇಂಗ್ಲಿಷ್ ಪಠ್ಯವೇ ಅಂತ ಅದರಲ್ಲೇ ಬರೆದಿರುತ್ತಾರೆ. ಪ್ರಿಂಟ್ ಕೊಡುವಾಗ ಆ ಸಾಲು ಬಿಟ್ಟುಹೋಗದ ಹಾಗೆ ನೋಡಿಕೊಳ್ಳಿ.

ನಿವೃತ್ತ ಗ್ರಂಥಪಾಲಕ (ಮೈಸೂರು)

ಹುಡುಕಿದರೆ ಸಿಗದಿರುವುದಕ್ಕೆ ಕಾರಣ ಹೇಳುತ್ತೇನೆ. ಹಳೆಯ ಕಡತಗಳು ಎರಡು ಬಗೆ. ಒಂದು, ಕಾಗದದ ಗೆಜೆಟ್ಟನ್ನು ಸ್ಕ್ಯಾನ್ ಮಾಡಿದ್ದು. ಅದು ಫೋಟೋ ಇದ್ದ ಹಾಗೆ, ಕಂಪ್ಯೂಟರಿಗೆ ಅಕ್ಷರ ಅಂತ ಗೊತ್ತಾಗುವುದಿಲ್ಲ. ಇನ್ನೊಂದು, ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಕಣ್ಣಿಗೆ ಕನ್ನಡ ಕಾಣುತ್ತದೆ. ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಅರ್ಥವಿಲ್ಲದ ಅಕ್ಷರಗಳ ರಾಶಿ ಬೀಳುತ್ತದೆ. ಹಾಗಾಗಿ ಇಂಥ ಕಡತಗಳಲ್ಲಿ ಪದ ಹಾಕಿ ಹುಡುಕಿ "ಇಲ್ಲ" ಅಂತ ಬಂದರೆ ನಂಬಬೇಡಿ. ದಿನಾಂಕ ಹಿಡಿದು, ಭಾಗ ಹಿಡಿದು, ಪುಟ ತಿರುವಿ ನೋಡಬೇಕು. ಓದುಗರಿಗೆ "ಅಂಥ ಆದೇಶವೇ ಇಲ್ಲ" ಅಂತ ಹೇಳುವ ಮೊದಲು ಇದು ನೆನಪಿರಲಿ.

ತಾಣ ಆರಿಸುವಾಗ ನಾನು ಇದನ್ನೂ ಪರೀಕ್ಷೆ ಮಾಡುತ್ತಿದ್ದೆ. ನನಗೆ ಚೆನ್ನಾಗಿ ಗೊತ್ತಿರುವ ಒಂದು ತಿದ್ದುಪಡಿ, ಒಂದು ಹಳೇ ಅಧಿಸೂಚನೆ, ಒಂದು ತೀರ್ಪು. ಈ ಮೂರನ್ನು ಹುಡುಕಿ, ಎಷ್ಟು ಹೊತ್ತಿಗೆ ಸಿಗುತ್ತದೆ, ಯಾವ ರೂಪದಲ್ಲಿ ಸಿಗುತ್ತದೆ ಅಂತ ಬರೆದುಕೊಳ್ಳುತ್ತಿದ್ದೆ. ಮಾರಲು ಬಂದವರು ತೋರಿಸುವ ಉದಾಹರಣೆ ನೋಡಿ ಒಪ್ಪಿಕೊಂಡದ್ದಿಲ್ಲ.

ಕೆಎಎಸ್ ಓದು

ನನ್ನದೊಂದು ಸಂಶಯ. ಇಷ್ಟೆಲ್ಲ ಯಾಕೆ ಕಷ್ಟಪಡಬೇಕು? ಈಗ ಎಐ ಚಾಟ್‌ನಲ್ಲಿ ಕನ್ನಡದಲ್ಲೇ ಕೇಳಿದರೆ ಕಲಂ ಸಮೇತ ಉತ್ತರ ಕೊಡುತ್ತದಲ್ವಾ? ನಾನಂತೂ ಓದುವುದಕ್ಕೆ ಅದನ್ನೇ ಬಳಸುತ್ತೇನೆ.

ತುಮಕೂರು ವಕೀಲ

ತಿಳಿದುಕೊಳ್ಳಲು ಕೇಳು ತಮ್ಮಾ, ತೊಂದರೆ ಇಲ್ಲ. ಆದರೆ ಅದು ಹೇಳಿದ ಪ್ರತಿ ಕಲಂ, ಪ್ರತಿ ತೀರ್ಪನ್ನು ಮೂಲದಲ್ಲಿ ತೆಗೆದು ನೋಡಲೇಬೇಕು. 2023ರಲ್ಲಿ ನ್ಯೂಯಾರ್ಕಿನಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ಕೋರ್ಟಿಗೆ ಹಾಕಿದರು. ಆ ತೀರ್ಪುಗಳು ಇರಲೇ ಇಲ್ಲ. ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ಓದಿ ಪಳಗಿದ ವಕೀಲರಿಗೇ ಹಾಗಾಯಿತು. ಮೇಡಂ ಮುಂದೆ ಬಂದು ನಿಲ್ಲುವ ಡ್ರೈವರಿಗೆ ಅದನ್ನು ಪರೀಕ್ಷಿಸುವ ದಾರಿ ಎಲ್ಲಿದೆ?

ತೀರ್ಪುಗಳಿಗೆ ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ಇದೆ, 2023ರ ಜನವರಿಯಲ್ಲಿ ಶುರುವಾದದ್ದು. ಕೋರ್ಟಿನದೇ ಅಧಿಕೃತ ವರದಿ, ಪುಕ್ಕಟೆ. ಹೈಕೋರ್ಟಿನ ತೀರ್ಪು ಹೈಕೋರ್ಟಿನ ತಾಣದಲ್ಲೂ ಕೋರ್ಟುಗಳ ಒಟ್ಟು ತಾಣವಾದ ಇ-ಕೋರ್ಟ್ಸ್‌ನಲ್ಲೂ ಸಿಗುತ್ತದೆ. ಈಗ ಪ್ರತಿ ತೀರ್ಪಿಗೂ ಕೋರ್ಟೇ ಒಂದು ಸಂಖ್ಯೆ ಕೊಡುತ್ತದೆ. ಕರ್ನಾಟಕ ಹೈಕೋರ್ಟಿನದಾದರೆ ವರ್ಷ, ಆಮೇಲೆ ಕೆಎಚ್‌ಸಿ, ಆಮೇಲೆ ಅಂಕಿ. ಧಾರವಾಡ ಪೀಠಕ್ಕೆ ಕೆಎಚ್‌ಸಿ ಪಕ್ಕದಲ್ಲಿ ಡಿ, ಕಲಬುರಗಿ ಪೀಠಕ್ಕೆ ಕೆ ಸೇರುತ್ತದೆ. ಆ ಸಂಖ್ಯೆ ಬರೆದುಕೊಂಡರೆ ಯಾವ ತಾಣದಲ್ಲಿ ಬೇಕಾದರೂ ಹುಡುಕಬಹುದು. ಯಾವ ಖಾಸಗಿ ಕಂಪನಿಯ ಪುಟಸಂಖ್ಯೆಗೂ ಕಾಯಬೇಕಿಲ್ಲ. ಇಂಡಿಯನ್ ಕಾನೂನ್ ಅನ್ನುವ ಖಾಸಗಿ ತಾಣವನ್ನೂ ಇಟ್ಟುಕೊಳ್ಳಿ, ಹುಡುಕಲು ಅದರಷ್ಟು ಸಲೀಸು ಬೇರೆ ಇಲ್ಲ. ಅಲ್ಲಿ ಹುಡುಕಿ, ಕೋರ್ಟಿನ ತಾಣದಿಂದ ಪ್ರಿಂಟ್ ತೆಗೆಯಿರಿ.

ಓದುಕೋಣೆ (ಮಲೆನಾಡು)

ತುಂಬ ಉಪಕಾರ ಆಯ್ತು ಸರ್. ಒಂದು ಕೇಳುವುದಿದೆ. ಸುಪ್ರೀಂ ಕೋರ್ಟಿನ ತೀರ್ಪು ಇಳಿಸಿಕೊಂಡರೆ ಮೊದಲ ಪುಟದಲ್ಲೇ ಹಳದಿ ಪ್ರಶ್ನಾರ್ಥಕ ಚಿಹ್ನೆ, "ಸಿಗ್ನೇಚರ್ ನಾಟ್ ವೆರಿಫೈಡ್" ಅಂತ ಬರುತ್ತದೆ. ನಿನ್ನೆ ಒಬ್ಬ ಹೆಂಗಸು ಅದನ್ನು ನೋಡಿ, ಇದು ನಕಲಿ, ಬೇರೆ ಕೊಡಿ ಅಂತ ವಾಪಸ್ ಕೊಟ್ಟರು. ನನಗೂ ಏನು ಹೇಳಬೇಕೋ ತಿಳಿಯಲಿಲ್ಲ.

ಸಪ್ತಾಪುರ (ಕಾನೂನು ಕಾಲೇಜು ಲೈಬ್ರರಿ, ಧಾರವಾಡ)

ನಕಲಿ ಅಲ್ರೀ ಮೇಡಂ. ಕೋರ್ಟಿನವರು ಆ ಕಡತಕ್ಕೆ ಡಿಜಿಟಲ್ ಸಹಿ ಹಾಕಿರುತ್ತಾರೆ. ನಿಮ್ಮ ಕಂಪ್ಯೂಟರಿನ ಪಿಡಿಎಫ್ ತಂತ್ರಾಂಶಕ್ಕೆ ಆ ಸಹಿಯ ಪ್ರಮಾಣಪತ್ರ ಕೊಟ್ಟವರ ಪರಿಚಯ ಇರುವುದಿಲ್ಲ, ಅಷ್ಟೇ. ಸಹಿಯ ಮೇಲೆ ಒತ್ತಿ, ವಿವರಕ್ಕೆ ಹೋಗಿ, ಪ್ರಮಾಣಪತ್ರ ನೋಡಿ ಒಪ್ಪಿಕೊಂಡರೆ ಹಸಿರು ಟಿಕ್ ಗುರುತು ಬರುತ್ತದೆ. ಒಂದು ಸಲ ಮಾಡಿಟ್ಟರೆ ಆಯಿತು. ಕೇಂದ್ರದ ಇ-ಗೆಜೆಟ್ ಕಡತಗಳಲ್ಲೂ ಡಿಜಿಟಲ್ ಸಹಿ ಇರುತ್ತದೆ. ಪ್ರಿಂಟ್ ತೆಗೆದ ಮೇಲೆ ಸಹಿ ಪರೀಕ್ಷಿಸಲು ಆಗುವುದಿಲ್ಲ, ಆದ್ದರಿಂದ ಕಡತವನ್ನೂ ಉಳಿಸಿಡಿ.

ಇನ್ನು ದುಡ್ಡು ಕೊಡುವ ವಿಚಾರ. ಎಸ್‌ಸಿಸಿ ಆನ್‌ಲೈನ್, ಮನುಪಾತ್ರ ಇವೆಲ್ಲ ದುಡ್ಡು ಕೊಟ್ಟು ತೀರ್ಪು ಹುಡುಕುವ ಖಾಸಗಿ ತಾಣಗಳು, ಕಾನೂನು ಕಾಲೇಜಿಗೆ ಬೇಕು. ನಮ್ಮ ಹುಡುಗರು ಒಂದೇ ವಿಷಯಕ್ಕೆ ಐವತ್ತು ತೀರ್ಪು ಜೋಡಿಸಬೇಕಾಗುತ್ತದೆ. ಸಂಪಾದಕರು ಬರೆದ ಸಾರಾಂಶ, ಯಾವ ತೀರ್ಪನ್ನು ಮುಂದೆ ಒಪ್ಪಿದರು, ಯಾವುದನ್ನು ತಳ್ಳಿಹಾಕಿದರು ಅನ್ನುವ ಕೊಂಡಿ, ಇದಕ್ಕೇ ದುಡ್ಡು. ತೀರ್ಪಿನ ಮೂಲ ಪಠ್ಯಕ್ಕೆ ಯಾರಿಗೂ ಹಕ್ಕುಸ್ವಾಮ್ಯ ಇಲ್ಲ. ಪ್ರಕಾಶಕರು ಸೇರಿಸಿದ ಟಿಪ್ಪಣಿಗೆ ಮಾತ್ರ ಇದೆ ಅಂತ ಸುಪ್ರೀಂ ಕೋರ್ಟೇ 2007ರಲ್ಲಿ ಹೇಳಿದೆ. ಶಾಖಾ ಗ್ರಂಥಾಲಯಕ್ಕೆ ಈ ಖರ್ಚು ಬೇಡ ಅಂತ ನನ್ನ ಖಂಡಿತ ಅಭಿಪ್ರಾಯ.

ಆದರೂ ಯಾರಾದರೂ ಮಾರಲು ಬಂದರೆ ಇದನ್ನು ಬರವಣಿಗೆಯಲ್ಲಿ ಕೇಳಿ. ಲೈಬ್ರರಿಗೆ ನಡೆದು ಬಂದ ಯಾರು ಬೇಕಾದರೂ ಕೂತು ನೋಡಬಹುದಾ? ಒಟ್ಟಿಗೆ ಎಷ್ಟು ಜನ? ಪ್ರಿಂಟ್ ಕೊಡಬಹುದಾ? ಚಂದಾ ನಿಲ್ಲಿಸಿದರೆ ನಮ್ಮ ಹತ್ತಿರ ಏನು ಉಳಿಯುತ್ತದೆ? ನಮಗೆ ಒಂದು ಕಂಪನಿ ಮೊದಲ ವರ್ಷ ಕಡಿಮೆ ದರ ಕೊಟ್ಟಿತು. ಮೂರನೇ ವರ್ಷ ಏರಿಸಿತು. ನಾವು ನಿಲ್ಲಿಸಿದ ಮರುದಿನ ಒಂದು ಪುಟವೂ ಕೈಯಲ್ಲಿ ಇರಲಿಲ್ಲ. ಅದನ್ನು ನಂಬಿ ಆ ಮೂರು ವರ್ಷ ಕಾಗದದ ಸಂಪುಟ ತರಿಸುವುದನ್ನೂ ನಿಲ್ಲಿಸಿದ್ದೆವು. ಆ ಕಪಾಟಿನಲ್ಲಿ ಈಗಲೂ ಅಷ್ಟು ಜಾಗ ಖಾಲಿ ಇದೆ. ದಿನಾ ಕಣ್ಣಿಗೆ ಬೀಳುತ್ತದೆ, ಹೊಟ್ಟೆ ಉರಿಯುತ್ತದೆ.

ಕನ್ನಡತಿ, ಇಂಗ್ಲೆಂಡ್

ನಾನಿಲ್ಲಿ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿಯ ಕಾಯ್ದೆಗಳೆಲ್ಲ ಒಂದೇ ತಾಣದಲ್ಲಿವೆ, ನ್ಯಾಷನಲ್ ಆರ್ಕೈವ್ಸ್ ನಡೆಸುವುದು. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದಿದೆ. ತಿದ್ದುಪಡಿ ಆಗಿದ್ದು ಇನ್ನೂ ಪಠ್ಯದಲ್ಲಿ ಸೇರಿಸಿಲ್ಲ ಅಂದರೆ, ಪುಟದ ತಲೆಯಲ್ಲೇ ಹಾಗಂತ ಬರೆದು ಪಟ್ಟಿ ಕೊಡುತ್ತಾರೆ. ಎಷ್ಟೋ ಕಾಯ್ದೆಗಳಲ್ಲಿ ಹಿಂದಿನ ಒಂದು ದಿನಾಂಕ ಆರಿಸಿದರೆ ಅವತ್ತು ಕಲಂ ಹೇಗಿತ್ತೋ ಹಾಗೆ ತೋರಿಸುತ್ತದೆ. ತನ್ನಲ್ಲಿ ಏನು ಬಾಕಿ ಇದೆ ಅಂತ ತಾನೇ ಹೇಳುವ ತಾಣವನ್ನು ಧೈರ್ಯವಾಗಿ ಇಡಬಹುದು.

ಇಲ್ಲಿಂದ ಭಾರತದ ಕೆಲವು ಸರ್ಕಾರಿ ತಾಣಗಳು ತೆರೆಯುವುದೇ ಇಲ್ಲ. ಊರಿನ ಜಮೀನಿನ ವಿಷಯಕ್ಕೆ ನಾನು ಅಣ್ಣನಿಗೆ ಫೋನ್ ಮಾಡಿ ಇಳಿಸಿ ಕಳಿಸು ಅನ್ನಬೇಕು. ಹೊರದೇಶದಲ್ಲಿ ಇರುವವರ ಮನೆಯವರು ನಿಮ್ಮ ಲೈಬ್ರರಿಗೆ ಬಂದು ಕೇಳಿದರೆ ದಯವಿಟ್ಟು ಮಾಡಿಕೊಡಿ.

ನಿವೃತ್ತ ಗ್ರಂಥಪಾಲಕ (ಮೈಸೂರು)

ಬರಿ ಕೊಂಡಿಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಬೇಡಿ. ಕೊಂಡಿ ಸಾಯುತ್ತದೆ. ಕೇಂದ್ರದ ಇ-ಗೆಜೆಟ್ ಮೊದಲು ಎನ್‌ಐಸಿ ವಿಳಾಸದಲ್ಲಿತ್ತು, ಈಗ ಜಿಒವಿ ವಿಳಾಸಕ್ಕೆ ಬಂದಿದೆ. ಹಳೇ ವಿಳಾಸ ಬರೆದಿಟ್ಟುಕೊಂಡವರಿಗೆ ತೊಂದರೆ ಆಯಿತು. ಗೆಜೆಟ್ ಸಂಖ್ಯೆ ಬರೆದಿಟ್ಟವರಿಗೆ ಆಗಲಿಲ್ಲ. ಆ ಸಂಖ್ಯೆ ಓದುವುದು ಸುಲಭ. ಸಿಜಿ ಅಂದರೆ ಸೆಂಟ್ರಲ್ ಗೆಜೆಟ್, ಡಿಎಲ್ ದೆಹಲಿ, ಇ ಅಂದರೆ ವಿಶೇಷ ಸಂಚಿಕೆ, ಆಮೇಲೆ ಎಂಟು ಅಂಕಿಯ ದಿನಾಂಕ, ಕೊನೆಗೆ ಕ್ರಮಸಂಖ್ಯೆ. ಹೊಸ ಕ್ರಿಮಿನಲ್ ಕಾನೂನುಗಳ ಗೆಜೆಟ್‌ನಲ್ಲಿ ನಡುವೆ 25122023 ಅಂತ ಇರುತ್ತದೆ, ನೋಡಿ.

2015ರ ಅಕ್ಟೋಬರ್ 1ರಿಂದ ಕೇಂದ್ರ ಗೆಜೆಟ್ ಕಾಗದದಲ್ಲಿ ಬರುವುದೇ ನಿಂತಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 8ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ಗೆಜೆಟ್‌ಗೂ ಕಾಗದದ ಗೆಜೆಟ್‌ನಷ್ಟೇ ಬೆಲೆ. ಅಂದರೆ ಈಗ ಮೂಲ ಪ್ರತಿ ಅನ್ನುವುದು ಆ ಕಡತವೇ. ಕಾಗದದ ಗೆಜೆಟ್ಟನ್ನು ವರ್ಷವರ್ಷ ಬೈಂಡ್ ಮಾಡಿಸಿ ಇಡುತ್ತಿದ್ದೆವಲ್ಲ, ಅದೇ ಶ್ರದ್ಧೆ ಇದಕ್ಕೂ ಬೇಕು. ನಿಮ್ಮ ತಾಲ್ಲೂಕಿಗೆ ಸಂಬಂಧಪಟ್ಟದ್ದನ್ನು ಇಳಿಸಿ ಎರಡು ಕಡೆ ಉಳಿಸಿ. ಹಳೆಯ ಗೆಜೆಟ್‌ಗಳಿಗೆ ಇಂಟರ್ನೆಟ್ ಆರ್ಕೈವ್ ಕೂಡ ನೋಡಿ, ದೊಡ್ಡ ಸಂಗ್ರಹ ಇದೆ.

ಅರಿವು ಕೇಂದ್ರ (ರಾಯಚೂರು ಕಡೆ)

ವಾಟ್ಸಾಪ್‌ನಲ್ಲಿ ಬರುವ ಆದೇಶಗಳಿಗೆ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಮೇಲಿನ ಸಂಖ್ಯೆ ನೋಡುತ್ತೇನೆ. ಕಂಇ ಅಂದರೆ ಕಂದಾಯ ಇಲಾಖೆ, ಆಇ ಅಂದರೆ ಆರ್ಥಿಕ ಇಲಾಖೆ. ಸಂಖ್ಯೆ, ದಿನಾಂಕ ಇಲ್ಲದ ಹಾಳೆಯನ್ನು ಮುಂದಕ್ಕೆ ಓದುವುದೇ ಇಲ್ಲ. ಸಂಖ್ಯೆ ಇದ್ದರೆ ಆ ಇಲಾಖೆಯ ತಾಣದಲ್ಲಿ ಹುಡುಕುತ್ತೇನೆ. ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಕೂರಿಸುತ್ತೇನೆ. ಆ ಕಾಯ್ದೆಯ 4ನೇ ಕಲಂನಲ್ಲಿ ಸರ್ಕಾರ ತಾನಾಗಿಯೇ ಮಾಹಿತಿ ಪ್ರಕಟಿಸಬೇಕು, ಸ್ಥಳೀಯ ಭಾಷೆಯನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು ಅಂತಿದೆ. ಅರ್ಜಿಯಲ್ಲಿ ಆ ಸಾಲನ್ನೂ ಬರೆಸುತ್ತೇನೆ.

ತುಮಕೂರು ವಕೀಲ

ಬಹಳ ಒಳ್ಳೆಯ ಕ್ರಮ ಅಕ್ಕಾ.

ಮೇಡಂ, ಮಗಳ ಪಾಲಿನ ಪ್ರಶ್ನೆ ಮೊದಲೇ ಕೇಳಿದ್ದಿರಿ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರದ್ದು. ಮಗಳ ಪಾಲಿನ ಬಗ್ಗೆ ನಮ್ಮ ರಾಜ್ಯ 1994ರಲ್ಲೇ ತನ್ನ ತಿದ್ದುಪಡಿ ತಂದಿತ್ತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ. ಆ ದಿನ ತಂದೆ ಬದುಕಿರಲೇಬೇಕೇ ಅನ್ನುವ ಜಗಳಕ್ಕೆ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಬೇಕಿಲ್ಲ ಅಂತ ತೆರೆ ಎಳೆಯಿತು. ಒಂದೇ ಪ್ರಶ್ನೆಗೆ ಮೂರು ಕಡೆ ನೋಡಬೇಕಾಯಿತು, ಅಲ್ವಾ? ಕಾಯ್ದೆಯ ತಾಣ ಒಂದೇ ಇಟ್ಟರೆ ತೀರ್ಪು ತಪ್ಪಿಹೋಗುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ಕ್ಕೆ ರದ್ದು ಮಾಡಿತು. ಪಠ್ಯದಲ್ಲಿ ಅದು ವರ್ಷಗಟ್ಟಲೆ ಹಾಗೇ ಇತ್ತು, ಜನರ ಮೇಲೆ ಕೇಸೂ ಬೀಳುತ್ತಿದ್ದವು. ಅದರಡಿ ಕೇಸು ಹಾಕಬೇಡಿ ಅಂತ ಕೋರ್ಟ್ 2022ರಲ್ಲಿ ಮತ್ತೆ ಹೇಳಬೇಕಾಯಿತು.

ನೀವು ಪಠ್ಯ ತೋರಿಸಿ, ಸಲಹೆ ಕೊಡಬೇಡಿ. "ನಿಮ್ಮ ಕೇಸಿಗೆ ಇದು ಹೊಂದುತ್ತದಾ" ಅನ್ನುವ ಪ್ರಶ್ನೆ ಬಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳಿಸಿ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಅಲ್ಲಿ ಆದಾಯ ಕೇಳದೆ ಉಚಿತ ನೆರವು ಇದೆ.

ಓದುಕೋಣೆ (ಮಲೆನಾಡು)

ಹತ್ತು ದಿನ ಆಯ್ತು, ಮಾಡಿದ್ದು ಹೇಳುತ್ತೇನೆ. ಒಂದು ಕಂಪ್ಯೂಟರನ್ನು ಇದಕ್ಕೇ ಬಿಟ್ಟಿದ್ದೇನೆ. ಪರದೆಯ ಮೇಲೆ ಆರೇ ಆರು ತಾಣ. ಇಂಡಿಯಾ ಕೋಡ್, ಕೇಂದ್ರದ ಇ-ಗೆಜೆಟ್, ನಮ್ಮ ಇ-ರಾಜ್ಯಪತ್ರ, ಶಾಸನ ರಚನೆ ಇಲಾಖೆ, ಇ-ಎಸ್‌ಸಿಆರ್, ಹೈಕೋರ್ಟ್. ಹುಡುಕಲು ಮಾತ್ರ ಇಂಡಿಯನ್ ಕಾನೂನ್. ಚಂದಾ ಯಾವುದಕ್ಕೂ ಕಟ್ಟಿಲ್ಲ. ಆ ದುಡ್ಡಿನಲ್ಲಿ ಹೊರಗಿನ ಹಾರ್ಡ್ ಡಿಸ್ಕ್ ಎರಡು ತರಿಸಿದೆ.

ಒಂದು ರಬ್ಬರ್ ಸ್ಟಾಂಪ್ ಮಾಡಿಸಿದ್ದೇನೆ. ಕೊಡುವ ಪ್ರತಿ ಪ್ರಿಂಟಿನ ಕೆಳಗೆ ಒತ್ತುತ್ತೇನೆ. "ತಾಣ, ತೆಗೆದ ದಿನಾಂಕ, ಗೆಜೆಟ್ ಅಥವಾ ತೀರ್ಪಿನ ಸಂಖ್ಯೆ, ಜಾರಿಯಾದ ದಿನ." ನಾಲ್ಕು ಗೆರೆ, ಕೈಯಲ್ಲಿ ತುಂಬುತ್ತೇನೆ. ಜಾರಿಯಾದ ದಿನ ಸಿಗದಿದ್ದರೆ "ನೋಡಬೇಕು" ಅಂತ ಬರೆದು, ಓದುಗರ ಫೋನ್ ನಂಬರ್ ಇಸಿದುಕೊಂಡು, ಸಿಕ್ಕ ಮೇಲೆ ತಿಳಿಸುತ್ತೇನೆ.

ಡ್ರೈವರ್ ಸಿಕ್ಕರು. ಅವರ ಲಾರಿ ಆಫೀಸಿಗೆ ಹೇಳಿಕಳಿಸಿದ್ದೆ. ಶನಿವಾರ ಬಂದರು. ಫೆಬ್ರವರಿ 23ರ ಅಧಿಸೂಚನೆ ತೆಗೆದು, "ಬಿಟ್ಟು" ಅನ್ನುವ ಅರ್ಥ ಬರುವ ಇಂಗ್ಲಿಷ್ ಪದದ ಕೆಳಗೆ ಗೆರೆ ಎಳೆದು, ಕನ್ನಡದಲ್ಲಿ ಹೇಳಿದೆ. ಮುಂದೆ ಜಾರಿಗೆ ತಂದರೆ ಇನ್ನೊಂದು ಅಧಿಸೂಚನೆ ಬರುತ್ತದೆ, ಬಂದು ಕೇಳುತ್ತಿರಿ ಅಂತಲೂ ಹೇಳಿದೆ. ಹಳೇ ಹಾಳೆ ಇನ್ನೂ ಜೇಬಿನಲ್ಲೇ ಇತ್ತು, ಮಡಿಕೆಗಳು ಹರಿದುಹೋಗಿದ್ದವು. ಅದನ್ನು ನನ್ನ ಕೈಗೆ ಕೊಟ್ಟು ಹೊಸದನ್ನು ತೆಗೆದುಕೊಂಡರು. "ಇದನ್ನ ನಮ್ಮ ಸ್ಟ್ಯಾಂಡಿನಲ್ಲಿ ಅಂಟಿಸ್ತೀನಿ, ಇನ್ನೂ ನಾಲ್ಕು ಪ್ರತಿ ಕೊಡಿ" ಅಂದರು.

ಅರಿವು ಕೇಂದ್ರ (ರಾಯಚೂರು ಕಡೆ)

ಮೇಡಂ, ಸ್ಟಾಂಪಿನ ಅಳತೆ ಎಷ್ಟು? ಅದರ ಒಂದು ಫೋಟೋ ಹಾಕ್ತೀರಾ, ನಾನೂ ಈ ವಾರವೇ ಮಾಡಿಸುತ್ತೇನೆ.

ಓದುಕೋಣೆ (ಮಲೆನಾಡು)

ಮೂರು ಇಂಚು ಅಗಲ, ಒಂದೂವರೆ ಇಂಚು ಎತ್ತರ. ಗೆರೆಗಳ ನಡುವೆ ಜಾಗ ಜಾಸ್ತಿ ಬಿಡಿಸಿ, ನನ್ನದರಲ್ಲಿ ಗೆಜೆಟ್ ಸಂಖ್ಯೆ ಹಿಡಿಸುತ್ತಿಲ್ಲ. ಫೋಟೋ ಸಂಜೆ ಹಾಕುತ್ತೇನೆ.